ಠರಾವು ಬಿಟ್ಟು ಬೈಲಾ ಹಿಡಿದೆವು, ದಂಡ ಗಟ್ಟಿಯಾಗಿ ನಿಂತಿತು

"ಕಸ ಎಸೆದರೆ 500 ರೂಪಾಯಿ ದಂಡ" ಎಂಬ ಬೋರ್ಡು ಯಾವ ಪಂಚಾಯಿತಿಯಲ್ಲಿಲ್ಲ ಹೇಳಿ? ನಾನು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಆಗಿ ಇಲ್ಲಿಗೆ ಬಂದಾಗ ಹೆದ್ದಾರಿ ಪಕ್ಕ ಮೂರ್ನಾಲ್ಕು ಇದ್ದವು. ಕಸದ ರಾಶಿಯೂ ಅವುಗಳ ಬುಡದಲ್ಲೇ! ದಂಡ ಹಾಕಿದ್ದೂ ಉಂಟು. ಕೋಳಿ ಅಂಗಡಿಯವರೊಬ್ಬರು ವಕೀಲರ ಜೊತೆ ಬಂದು, "ಯಾವ ಬೈಲಾ ಪ್ರಕಾರ? ಪ್ರತಿ ಕೊಡಿ" ಅಂದರು. ಬೈಲಾ ಅಂದರೆ ಕಾಯ್ದೆಯಡಿ ಪಂಚಾಯಿತಿಯೇ ಮಾಡಿ ಮಂಜೂರಾತಿ ಪಡೆಯುವ ಉಪವಿಧಿ. ಕಡತದಲ್ಲಿ ಇದ್ದದ್ದು ಹಳೇ ಸಾಮಾನ್ಯ ಸಭೆಯ ಒಂದು ಠರಾವು (ನಿರ್ಣಯ) ಅಷ್ಟೇ. ದುಡ್ಡು ವಾಪಸ್ ಹೋಯಿತು.

ಬೈಲಾ ಮಾಡೋಣ ಅಂದರೆ ಅರ್ಧ ಸದಸ್ಯರು "ಸುಮ್ನೆ ಕಾಗದದ ಕೆಲಸ" ಅಂದರು. ಪಕ್ಕದ ಪಂಚಾಯಿತಿಯ ಪಿಡಿಒ, "ಚುನಾವಣೆ ಬರಲಿ, ನಿಮ್ಮವರೇ ರದ್ದು ಮಾಡಿಸ್ತಾರೆ" ಎಂದಿದ್ದರು. ಎರಡು ವರ್ಷ ದಾಟಿದೆ, ಬೈಲಾ ಹಾಗೇ ಇದೆ.

ಮಾದರಿ ಬೈಲಾಕ್ಕೆ ಪಂಚಾಯಿತಿ ಹೆಸರು ತುಂಬಿ ಕಳಿಸುವವರೇ ಜಾಸ್ತಿ. ನಾವು ಹಾಗೆ ಮಾಡಲಿಲ್ಲ. ಕಲ್ಯಾಣ ಮಂಟಪ, ಕೋಳಿ ಅಂಗಡಿ, ಬಾಡಿಗೆ ಕೋಣೆ ಎಲ್ಲಕ್ಕೂ ಬೇರೆ ಬೇರೆ ಕಲಮು ಬರೆದೆವು. ಹಿಂಜರಿದವರಿಗೆ 2016ರ ಘನತ್ಯಾಜ್ಯ ನಿಯಮಗಳನ್ನು ತೋರಿಸಿದೆ. ಬೈಲಾ ಮಾಡಿ, ಬಳಕೆದಾರರ ಶುಲ್ಕ ತಗೊಳ್ಳಿ ಎಂದು ಅದರಲ್ಲೇ ಇತ್ತಲ್ವಾ.

ಕರಡನ್ನು ಪಂಚಾಯಿತಿ, ಅಂಗನವಾಡಿ, ಹಾಲಿನ ಡೈರಿ ಗೋಡೆಗೆ ಅಂಟಿಸಿದೆವು. ಇಪ್ಪತ್ತರ ಆಸುಪಾಸು ಆಕ್ಷೇಪಣೆ ಬಂದವು. ಪ್ರತಿಯೊಂದಕ್ಕೂ ಉತ್ತರ ಬರೆದು ನಡಾವಳಿಯಲ್ಲಿ ಸೇರಿಸಿದ್ದೇ ಮುಂದೆ ನಮ್ಮನ್ನು ಕಾಪಾಡಿತು. ದಂಡ 5,000 ಇರಲಿ ಎಂದು ಸದಸ್ಯರ ಹಟ. ಶುಲ್ಕ ಕಟ್ಟದವರ ನಲ್ಲಿ ಕಿತ್ತುಹಾಕಿ ಎಂಬ ಸಲಹೆ ಬೇರೆ. ಎರಡಕ್ಕೂ ನಾನು ಬಗ್ಗಲಿಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆ ಕೊಡದ ಅಧಿಕಾರವನ್ನು ಬೈಲಾ ಹುಟ್ಟಿಸಲಾರದು. ಅಂಥ ಒಂದು ಕಲಮು ಬಿದ್ದರೆ ಉಳಿದವೂ ಜನರ ಬಾಯಲ್ಲಿ ಬೀಳುತ್ತವೆ. ಗ್ರಾಮ ಸಭೆಯಲ್ಲಿ ಪೂರ್ತಿ ಓದಿ, ಮಂಜೂರಾತಿಗೆ ಜಿಲ್ಲಾ ಪಂಚಾಯಿತಿಗೆ ಕಳಿಸಿದೆವು. ಒಮ್ಮೆ ತಿದ್ದಲು ವಾಪಸ್ ಬಂತು, ಮತ್ತೆ ಹೋಯಿತು. ಏಳೆಂಟು ತಿಂಗಳು ಹಿಡಿಯಿತು.

ದುಡ್ಡಿನ ಮಾತು. ಕಸದ ಶುಲ್ಕ ಮನೆಗೆ ತಿಂಗಳಿಗೆ 50 ರೂಪಾಯಿ, ಅಂಗಡಿಗೆ 100ರಿಂದ ಮೇಲೆ. ಮೊದಲ ತಿಂಗಳು ಬಂದದ್ದು ಎಂಟು ಸಾವಿರವೂ ಇಲ್ಲ. ಗಾಡಿಯ ಡೀಸೆಲ್, ಕಸ ಎತ್ತುವ ಸಂಜೀವಿನಿ ಒಕ್ಕೂಟದ (ಮಹಿಳಾ ಸ್ವಸಹಾಯ ಸಂಘಗಳ ಕೂಟ) ಹೆಣ್ಣುಮಕ್ಕಳ ಸಂಬಳ ಸೇರಿ ತಿಂಗಳ ಖರ್ಚು ಮೂವತ್ತೈದು ಸಾವಿರದ ಹತ್ತಿರ. ಕರವಸೂಲಿಗಾರರ ಬದಲು ಅದೇ ಹೆಣ್ಣುಮಕ್ಕಳ ಕೈಗೆ ರಸೀದಿ ಪುಸ್ತಕ ಕೊಟ್ಟೆವು. ಆರು ತಿಂಗಳಲ್ಲಿ ತಿಂಗಳ ವಸೂಲಿ ಮೂವತ್ತು ಸಾವಿರ ದಾಟಿತು. ದಂಡದಿಂದ ವರ್ಷಕ್ಕೆ ನಲವತ್ತು ಸಾವಿರ ಬಂದಿದ್ದರೆ ಹೆಚ್ಚು. ದಂಡವನ್ನು ಆದಾಯ ಅಂದುಕೊಳ್ಳಬೇಡಿ.

ನಡುವೆ ಕಸದ ಜಾಗದಲ್ಲಿ ತುಳಸಿ ಕಟ್ಟೆಯನ್ನೂ ಕಟ್ಟಿಸಿ ನೋಡಿದೆವು. ಕಸ ಹತ್ತು ಮಾರು ಆಚೆಗೆ ಸರಿಯಿತು, ಅಷ್ಟೇ. ಸಿಸಿಟಿವಿಗೆ ಹಾಕಿದ ಹದಿನೆಂಟು ಸಾವಿರವೂ ವ್ಯರ್ಥ. ರಾತ್ರಿ ಬೈಕಿನ ನಂಬರೇ ಕಾಣಿಸುವುದಿಲ್ಲ. ರಾತ್ರಿ ಎಸೆಯುವವರನ್ನು ಈಗ ಹೇಗೆ ಹಿಡಿಯುತ್ತೇವೆ ಎಂದು ಇಲ್ಲಿ ಬರೆಯಲ್ಲ, ನಮ್ಮೂರಿನವರೂ ಓದುತ್ತಾರೆ. ಇಷ್ಟು ಹೇಳಬಲ್ಲೆ: ಚೀಲ ಬಿಚ್ಚುವಾಗ ಇಬ್ಬರು ಸಾಕ್ಷಿ ಇರಲಿ. ಒಳಗಿನ ಕರೆಂಟ್ ಬಿಲ್ಲು, ಕೊರಿಯರ್ ಕವರು ಜಾಗ ಸಮೇತ ಫೋಟೋದಲ್ಲಿ ಬರಲಿ. ನೋಟಿಸಿನಲ್ಲಿ ಕಲಮಿನ ಸಂಖ್ಯೆ ಬರೆಯಿರಿ, ವಿವರಣೆ ಕೊಡಲು ಸಮಯ ಕೊಡಿ.

ಅದೇ ಕೋಳಿ ಅಂಗಡಿಗೆ ಮತ್ತೆ ನೋಟಿಸ್ ಹೋಯಿತು. ವಕೀಲರು ಬಂದರು, ಬೈಲಾ ಪ್ರತಿ ಓದಿದರು, ಕೌಂಟರಿನಲ್ಲೇ 500 ಕಟ್ಟಿಸಿ ಹೋದರು. ಇನ್ನು ಬಾಡಿಗೆ ಕೋಣೆಗಳದ್ದೇ ತಲೆನೋವು. ಹೊಣೆ ಮಾಲೀಕರದ್ದೋ ಬಾಡಿಗೆದಾರರದ್ದೋ ಎಂಬ ಕಲಮನ್ನು ಬಿಗಿ ಮಾಡಬೇಕು. ಮುಂದಿನ ಗ್ರಾಮ ಸಭೆಗೆ ತಿದ್ದುಪಡಿ ಇಡುತ್ತಿದ್ದೇವೆ.