ಪಾಳುಬಿದ್ದ ಸೇನಾ ಶಿಬಿರದ ಚರಿತ್ರೆ ಹುಡುಕುವ ಬಗೆ

ಹಳ್ಳಿಗಾಡಿನ ಸೇನಾ ಶಿಬಿರಕ್ಕೆ ಒಂದೇ ಚರಿತ್ರೆ ಇರುವುದು ಅಪರೂಪ. ಬ್ರಿಟನ್ನಿನಲ್ಲಿ ಎರಡನೇ ಮಹಾಯುದ್ಧಕ್ಕೆಂದು ಎದ್ದ ಶಿಬಿರಗಳನ್ನೇ ನೋಡಿ. ಸೈನಿಕರು ಹೋದ ಮೇಲೆ ಕೆಲವಕ್ಕೆ ಯುದ್ಧಕೈದಿಗಳು ಬಂದರು, 1946ರಲ್ಲಿ ಸೂರಿಲ್ಲದ ಕುಟುಂಬಗಳು ತಾವಾಗಿಯೇ ಹೊಕ್ಕವು, ಕೆಲವೆಡೆ ತಾಯ್ನಾಡಿಗೆ ಮರಳಲಾರದ ಪೋಲಿಷ್ ಸೈನಿಕರು ನೆಲೆಸಿದರು. ಆಮೇಲೆ ಎಷ್ಟೋ ತಗಡಿನ ಗುಡಾರಗಳಲ್ಲಿ ಕೋಳಿ ಸಾಕಿದರು. ಇವತ್ತು ಕಣ್ಣಿಗೆ ಬೀಳುವುದು ಬಹುಪಾಲು ಕೊನೆಗೆ ಇದ್ದವರ ಗುರುತು. ಹಾಗಾಗಿ ಪ್ರತಿ ಗೋಡೆ, ಪ್ರತಿ ನೆಲಗಟ್ಟಿನ ಮುಂದೆಯೂ ‘ಇದು ಯಾರ ಕಾಲದ್ದು?’ ಎಂದು ಕೇಳಿಕೊಳ್ಳಬೇಕು.

ಮೊದಲು ಜಮೀನಿನ ಮಾಲೀಕರ ಒಪ್ಪಿಗೆ ಪಡೆಯಿರಿ. ಒಬ್ಬರೇ ಹೋಗಬೇಡಿ. ಮುಚ್ಚಳ ಹೋದ ಮ್ಯಾನ್‌ಹೋಲ್‌ಗಳು ಹುಲ್ಲಿನಡಿ ಕಾಣುವುದಿಲ್ಲ. ಕೋಲಿನಿಂದ ತಟ್ಟಿ ನೋಡಿ ಹೆಜ್ಜೆಯಿಡಿ. ಹಳೆಯ ಸಿಮೆಂಟ್ ಶೀಟಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದನ್ನು ಮುರಿಯುವುದು, ಕೊರೆಯುವುದು ಬೇಡ. ಗುಂಡಿನಂತೆ, ಶೆಲ್‌ನಂತೆ ಏನು ಕಂಡರೂ ಮುಟ್ಟದೆ ಜಾಗ ಗುರುತಿಟ್ಟುಕೊಂಡು ಪೊಲೀಸರಿಗೆ ತಿಳಿಸಿ.

ಗಿಡಗಂಟಿ ಒಣಗಿರುವ ಕಾಲದಲ್ಲಿ ಅಳತೆಗೆ ಇಳಿಯಿರಿ. ಕಾಂಕ್ರೀಟಿನ ಮೇಲೆ ಮಣ್ಣು ತೆಳುವಾದ್ದರಿಂದ ಅಲ್ಲಿನ ಹುಲ್ಲು ಬೇಗ ಹಳದಿಯಾಗುತ್ತದೆ, ಹೂತುಹೋದ ನೆಲಗಟ್ಟಿನ ಅಂಚು ತಾನಾಗಿ ಕಾಣುತ್ತದೆ. 30 ಮೀಟರ್ ಟೇಪನ್ನು ಒಂದೇ ಸಲ ಹಾಸಿ ಎಲ್ಲ ಅಳತೆಯನ್ನೂ ಸೊನ್ನೆಯಿಂದಲೇ ಓದಿ. ತುಂಡುತುಂಡಾಗಿ ಅಳೆದು ಕೂಡಿಸಿದರೆ ಪ್ರತಿ ತುಂಡಿನ ತಪ್ಪೂ ಸೇರಿಕೊಳ್ಳುತ್ತದೆ. ಎರಡು ಕರ್ಣಗಳನ್ನೂ ಅಳೆಯಿರಿ. ಅವು ಸಮ ಬರದಿದ್ದರೆ ಯಾವುದೋ ಮೂಲೆಯನ್ನು ತಪ್ಪಾಗಿ ಹಿಡಿದಿದ್ದೀರಿ.

ಅಳತೆಯೇ ಅರ್ಧ ಕತೆ ಹೇಳಿಬಿಡುತ್ತದೆ. ಬ್ರಿಟಿಷ್ ಸೇನೆಯ ಎಂಜಿನಿಯರ್ ಪೀಟರ್ ನಾರ್ಮನ್ ನಿಸ್ಸೆನ್ 1916ರಲ್ಲಿ ರೂಪಿಸಿದ ಅರ್ಧ ಉರುಳೆಯಾಕಾರದ ತಗಡಿನ ಗುಡಾರದ ಅಗಲ 16 ಅಡಿ (4.88 ಮೀ), ಮುಂದೆ 24 (7.32 ಮೀ) ಮತ್ತು 30 ಅಡಿಯವೂ (9.14 ಮೀ) ಬಂದವು. ಉದ್ದ 6 ಅಡಿಯ ಅಂಕಣಗಳಲ್ಲಿ ಬೆಳೆಯುತ್ತದೆ. ಹಾಗಾಗಿ 16 ಅಡಿ ಅಗಲ, 36 ಅಡಿ ಉದ್ದದ ನೆಲಗಟ್ಟು ಸಿಕ್ಕರೆ ನಿಸ್ಸೆನ್ ಎಂಬ ಊಹೆಗೆ ಬಲ ಬರುತ್ತದೆ. ಆದರೆ ಅಮೆರಿಕದಲ್ಲಿ 1941ರಲ್ಲಿ ಬಂದ ಕ್ವಾನ್ಸೆಟ್ ಗುಡಾರದ ಮೊದಲ ಮಾದರಿಯದೂ 16x36 ಅಡಿಯೇ! ಅಳತೆಯೊಂದನ್ನೇ ನೆಚ್ಚದೆ ಬೋಲ್ಟಿನ ಸಾಲು, ತಗಡಿನ ಚೂರುಗಳನ್ನೂ ನೋಡಿ. ನೆಲದಲ್ಲೇ ಚರಂಡಿ ಹಾದಿದ್ದರೆ ಅದು ಬಚ್ಚಲೋ ಅಡುಗೆಮನೆಯೋ ಇದ್ದಿರಬಹುದು. ನಡುವೆ ಒಲೆಯ ಗುರುತು ಇದ್ದರೆ ಮಲಗುವ ಕೋಣೆಯಿರಬಹುದು. ದೂರದಲ್ಲಿ, ಸುತ್ತ ಮಣ್ಣಿನ ದಿಬ್ಬವಿರುವುದು ಮದ್ದುಗುಂಡಿನ ಉಗ್ರಾಣವಿರಬಹುದು.

ಇನ್ನು ನಕ್ಷೆ. ಅಚ್ಚಾದ ವರ್ಷ ಬೇರೆ, ಮೋಜಣಿ ನಡೆದ ವರ್ಷ ಬೇರೆ. ಮೂಲೆಯ ಸಣ್ಣಕ್ಷರ ಓದದೆ ಕಾಲ ನಿರ್ಣಯಿಸಬೇಡಿ. ಸೇನಾ ಜಾಗಗಳನ್ನು ಬೇಕೆಂದೇ ಬಿಡುವ ರೂಢಿಯೂ ಇತ್ತು, ಆದ್ದರಿಂದ ನಕ್ಷೆಯಲ್ಲಿ ಬರೀ ಹೊಲ ಕಂಡರೆ ಶಿಬಿರ ಇರಲಿಲ್ಲ ಎಂದಲ್ಲ. ಹಳೆಯ ವೈಮಾನಿಕ ಚಿತ್ರಗಳು ಹೆಚ್ಚು ನಂಬಿಕೆಗೆ ಅರ್ಹ. ಒಂದೇ ಜಾಗದ ಮೂರು ಬೇರೆ ವರ್ಷಗಳ ಚಿತ್ರ ಸಿಕ್ಕರೆ ಯಾವ ಗುಡಾರ ಯಾವಾಗ ಎದ್ದಿತು, ಯಾವಾಗ ಬಿತ್ತು ಎಂಬುದು ಆ ವರ್ಷಗಳ ನಡುವೆ ಸಿಕ್ಕಿಬೀಳುತ್ತದೆ.

ಹೆಚ್ಚಿನವರು ಸೋಲುವುದು ದಾಖಲಾಲಯದಲ್ಲಿ. ಅವರು ಶಿಬಿರದ ಹೆಸರು ಹಿಡಿದು ಹುಡುಕುತ್ತಾರೆ. ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲಾಲಯದಲ್ಲಿ ಸೇನೆಯ ವಾರ್ ಡೈರಿಗಳನ್ನು (ತುಕಡಿಗಳು ಯುದ್ಧಕಾಲದಲ್ಲಿ ಬರೆದಿಟ್ಟ ದಿನಚರಿ) ಜೋಡಿಸಿರುವುದು ಊರಿನ ಪ್ರಕಾರವಲ್ಲ, ತುಕಡಿಯ ಪ್ರಕಾರ. ಎರಡನೇ ಮಹಾಯುದ್ಧದಲ್ಲಿ ಸ್ವದೇಶದಲ್ಲೇ ಇದ್ದ ಪಡೆಗಳವು ಡಬ್ಲ್ಯುಒ (ವಾರ್ ಆಫೀಸ್) 166 ಸರಣಿಯಲ್ಲಿವೆ. ಅಂದರೆ ಮೊದಲು ತುಕಡಿಯ ಹೆಸರು ಬೇಕು. ಅದು ಸಿಗುವುದು ಇನ್ನೆಲ್ಲೋ: ಪಕ್ಕದ ಊರಿನ ಚರ್ಚಿನ ಮದುವೆ ರಿಜಿಸ್ಟರಿನಲ್ಲಿ ವರನ ಉದ್ಯೋಗದ ಅಂಕಣದಲ್ಲಿ, ಗೋಡೆಯ ಮೇಲೆ ಗೀಚಿದ ಬರಹದಲ್ಲಿ, ಸ್ಥಳೀಯ ಪತ್ರಿಕೆಯ ಫುಟ್ಬಾಲ್ ವರದಿಯಲ್ಲಿ. ಯುದ್ಧಕಾಲದ ಪತ್ರಿಕೆ ಇಂಥದ್ದನ್ನು ಮುಚ್ಚಿಟ್ಟಿದ್ದರೆ ಯುದ್ಧ ಮುಗಿದ ನಂತರದ ಸಂಚಿಕೆಗಳಲ್ಲಿ ಶಿಬಿರದ ಹರಾಜಿನ ಜಾಹೀರಾತು ಹುಡುಕಿ. ಎಷ್ಟು ಗುಡಾರ, ಯಾವ ಅಳತೆಯವು ಎಂಬುದು ಅದರಲ್ಲಿ ಇರಬಹುದು.

ಹಿರಿಯರನ್ನು ಮಾತಾಡಿಸುವಾಗ ‘ಯಾವ ಇಸವಿ?’ ಎನ್ನಬೇಡಿ. ‘ಆಗ ನೀವು ಯಾವ ಕ್ಲಾಸಿನಲ್ಲಿದ್ದಿರಿ?’ ಎಂದು ಕೇಳಿ. ಆದರೆ ನಿಮ್ಮ ನಕ್ಷೆಯನ್ನು ಮೊದಲೇ ತೋರಿಸಬೇಡಿ, ಅದನ್ನು ನೋಡಿದವರು ಅದರಂತೆಯೇ ನೆನಪಿಸಿಕೊಳ್ಳುತ್ತಾರೆ. ಖಾಲಿ ಹಾಳೆ ಕೊಟ್ಟು ದಾರಿ, ಗೇಟು, ನೀರಿನ ಟ್ಯಾಂಕು ಎಲ್ಲಿತ್ತೆಂದು ಅವರಿಂದಲೇ ಬರೆಸಿ, ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.