ಐದು ಮಕ್ಕಳ ಜೊತೆ ನೀವು ಕೂತಾಗ ಉಳಿದ ಹದಿನೇಳು ಮಕ್ಕಳು ಏನು ಮಾಡಬೇಕು? ನಲಿ-ಕಲಿ ತರಗತಿಯ ಒಂದು ವಾರ ಕಟ್ಟುವ ಬಗೆ

ಕಳೆದ ತಿಂಗಳು ಚಿಂತಾಮಣಿ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ಅರ್ಧ ದಿನ ಕೂತಿದ್ದೆ. ಒಂದು, ಎರಡು, ಮೂರನೇ ತರಗತಿ ಸೇರಿ 22 ಮಕ್ಕಳು. ಒಬ್ಬರೇ ಟೀಚರ್. ಕೆಲಸಕ್ಕೆ ಸೇರಿ ಆರು ತಿಂಗಳಾಗಿದೆ, ತುಂಬಾ ಶ್ರದ್ಧೆ ಇರುವವರು. ಪಾಠ ಯೋಜನೆಯ ಪುಸ್ತಕದಲ್ಲಿ ವಾರದ ಆರು ದಿನವನ್ನೂ ಗೆರೆ ಹೊಡೆದು ತುಂಬಿಸಿಟ್ಟಿದ್ದರು. ಐದು ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ‘ಜ ವ ಮ ಬ ನ’ ಅಕ್ಷರಗಳನ್ನು ಶುರು ಮಾಡಿದರು. ಮೂರು ನಿಮಿಷಕ್ಕೆ ಒಬ್ಬ ಬಂದು "ಮಿಸ್, ಆಯ್ತು" ಅಂದ. ಅವನ ಹಿಂದೆಯೇ ಇನ್ನೊಬ್ಬಳು. ಆಮೇಲೆ "ಮಿಸ್, ಇವನು ನನ್ನ ಬಳಪ ಕೊಡ್ತಿಲ್ಲ". ಇಪ್ಪತ್ತು ನಿಮಿಷದಲ್ಲಿ ಆ ಐದು ಮಕ್ಕಳಿಗೆ ಸಿಕ್ಕಿದ್ದು ನಾಲ್ಕೋ ಐದೋ ನಿಮಿಷ. ಮಧ್ಯಾಹ್ನ ಕಣ್ಣಲ್ಲಿ ನೀರು ತುಂಬಿಕೊಂಡು ಕೇಳಿದರು, "ಇದು ಒಬ್ಬರ ಕೈಯಲ್ಲಿ ಆಗುತ್ತಾ ಮೇಡಂ?"

ಆಗುತ್ತೆ. ಅವರ ಪುಸ್ತಕದಲ್ಲಿ ಅವರು ಏನು ಮಾಡಬೇಕು ಅನ್ನೋದೆಲ್ಲ ಇತ್ತು. ಆ ಹದಿನೇಳು ಮಕ್ಕಳು ಏನು ಮಾಡಬೇಕು ಅಂತ ಒಂದು ಸಾಲೂ ಇರಲಿಲ್ಲ. ಈ ತಪ್ಪನ್ನು ನಾನು ಎಷ್ಟೋ ತರಗತಿಗಳಲ್ಲಿ ನೋಡಿದ್ದೇನೆ, ಇಪ್ಪತ್ತು ವರ್ಷ ಕೆಲಸ ಮಾಡಿದವರ ತರಗತಿಯಲ್ಲೂ ನೋಡಿದ್ದೇನೆ.

ಮೂರು ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸೋದು ಟೀಚರ್ ಸಾಲದೆ ಮಾಡಿಕೊಂಡ ಹೊಂದಾಣಿಕೆ ಅಂತ ಕೆಲವು ಪೋಷಕರು ಅಂದುಕೊಂಡಿದ್ದಾರೆ. ಹಾಗಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು ಶುರು ಮಾಡಿದ ನಲಿ-ಕಲಿ ಪದ್ಧತಿ ಇದು. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ರಿಷಿ ವ್ಯಾಲಿ ಇರೋದು ಆಂಧ್ರದ ಮದನಪಲ್ಲಿ ಹತ್ತಿರ, ನಮ್ಮ ಶ್ರೀನಿವಾಸಪುರದ ಗಡಿ ದಾಟಿದರೆ ದೂರವೇನಿಲ್ಲ. ದೊಡ್ಡ ಮಗು ಚಿಕ್ಕ ಮಗುವಿಗೆ ಹೇಳಿಕೊಡುತ್ತೆ, ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಕೆಯ ಏಣಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತೆ. ಅದಕ್ಕಾಗಿಯೇ ಒಟ್ಟಿಗೆ ಕೂರಿಸೋದು.

ಈಗ ಒಂದು ವಾರ ಹೇಗೆ ಕಟ್ಟೋದು ನೋಡೋಣ. ಅವರೆ ಕಾಲ ಅಲ್ವಾ, ಅದನ್ನೇ ಇಟ್ಟುಕೊಳ್ಳೋಣ.

ಶುಕ್ರವಾರ ಸಂಜೆ: ವಾರದ ವಸ್ತು ಆರಿಸಿ

ಮುಂದಿನ ವಾರಕ್ಕೆ ಒಂದೇ ಒಂದು ವಸ್ತು. ಮಗು ಕೈಯಲ್ಲಿ ಹಿಡಿದು ತರುವಂಥದ್ದೇ ಆಗಬೇಕು. ಅವರೆಕಾಯಿ, ಹುಣಸೆ, ರಾಗಿ ತೆನೆ, ಟೊಮೆಟೊ, ಶಿಡ್ಲಘಟ್ಟದ ಕಡೆಯವರಾದರೆ ರೇಷ್ಮೆಗೂಡು. ‘ಸಾರಿಗೆ’, ‘ನಮ್ಮ ಸಹಾಯಕರು’ ಅಂತೆಲ್ಲ ಶುರು ಮಾಡಿದರೆ ಕೊನೆಗೆ ಗೋಡೆಗೆ ಒಂದು ಚಾರ್ಟ್ ಬರುತ್ತೆ ಅಷ್ಟೇ.

ಚಾರ್ಟ್ ಅಂದಾಗ ಹೇಳಬೇಕು. ಅಂಗಡಿಯ ಲ್ಯಾಮಿನೇಟ್ ಮಾಡಿದ ಚಾರ್ಟ್ ಕೊಳ್ಳಬೇಡಿ. ಕಿಟಕಿ ಬೆಳಕು ಬಿದ್ದು ಹೊಳೆಯುತ್ತೆ, ಮೂಲೆಯಲ್ಲಿ ಕೂತ ಮಗುವಿಗೆ ಒಂದಕ್ಷರ ಕಾಣಲ್ಲ. ಕೆಲವದರಲ್ಲಿ ಒತ್ತಕ್ಷರವೇ ತಪ್ಪಿರುತ್ತೆ. ಹಳೇ ಕ್ಯಾಲೆಂಡರಿನ ಹಿಂಬದಿ ಸಾಕು. ಮಿಂಚು ಕಾರ್ಡಿಗೆ (ಫ್ಲ್ಯಾಶ್ ಕಾರ್ಡ್) ಲಗ್ನಪತ್ರಿಕೆಗಿಂತ ಒಳ್ಳೆಯದು ಯಾವುದೂ ಇಲ್ಲ. ದಪ್ಪ ಇರುತ್ತೆ, ಹಿಂದೆ ಖಾಲಿ ಇರುತ್ತೆ, ಊರಲ್ಲಿ ಪುಕ್ಕಟೆ ಸಿಗುತ್ತೆ. ಪ್ಲಾಸ್ಟಿಕ್ ಸ್ಲೇಟೂ ಬೇಡ, ಒಂದೆರಡು ತಿಂಗಳಲ್ಲಿ ನುಣುಪಾಗಿ ಬಳಪ ಹಿಡಿಯೋದೇ ಇಲ್ಲ.

ಸೋಮವಾರ ಬೆಳಗ್ಗೆ: ಮೊದಲು ಮಾತು

ಹಾಜರಿ, ಹವಾಮಾನ ನಕ್ಷೆ ಎರಡನ್ನೂ ಮಕ್ಕಳೇ ಮಾಡಲಿ. ಆಮೇಲೆ ದುಂಡಗೆ ಕೂರಿಸಿ ಅವರೆಕಾಯಿ ಮಧ್ಯದಲ್ಲಿ ಸುರಿಯಿರಿ. ಮೂಸಿ ನೋಡಲಿ. ಸೊಗಡು ಅನ್ನೋ ಮಾತು ಅರ್ಧ ಮಕ್ಕಳಿಗೆ ಮನೆಯಿಂದಲೇ ಗೊತ್ತಿರುತ್ತೆ.

ಇನ್ನರ್ಧ ಮಕ್ಕಳು ‘ಅನಪಕಾಯ’ ಅನ್ನುತ್ತಾರೆ. ಬಾಗೇಪಲ್ಲಿ, ಗುಡಿಬಂಡೆ, ಮುಳಬಾಗಿಲು, ಶ್ರೀನಿವಾಸಪುರ, ಎಲ್ಲ ಕಡೆ ಮನೆಯ ಮಾತು ತೆಲುಗು ಇರುವ ಮಕ್ಕಳಿದ್ದಾರೆ. ಅವರನ್ನು "ಕನ್ನಡದಲ್ಲಿ ಹೇಳು" ಅಂತ ಗದರಿಸಲೇಬೇಡಿ. ಗದರಿಸಿದ ಮಗು ಮೂರು ತಿಂಗಳು ಬಾಯಿ ಬಿಡಲ್ಲ. ಬದಲಿಗೆ ಈ ಆಟ ಆಡಿಸಿ. ಹಲಗೆಯ ಮೇಲೆ ಎರಡು ಸಾಲು ಬರೆಯಿರಿ. ಒಂದು ಕಡೆ ಪಾಲು, ಪುಲಿ, ಪಾಮು, ಪಂದಿ, ಪಗಲು, ಪಂಡು. ಇನ್ನೊಂದು ಕಡೆ ಹಾಲು, ಹುಲಿ, ಹಾವು, ಹಂದಿ, ಹಗಲು, ಹಣ್ಣು. ತೆಲುಗಿನ ‘ಪ’ ಇದ್ದ ಕಡೆ ಕನ್ನಡದಲ್ಲಿ ‘ಹ’ ಬರುತ್ತೆ ಅಂತ ಯಾರಾದರೂ ಒಬ್ಬರು ಕಂಡುಹಿಡಿದೇ ಹಿಡಿಯುತ್ತಾರೆ. ಆಗ ಆ ಮಗುವಿನ ಮುಖ ನೋಡಬೇಕು. ತನ್ನ ಮನೆಯ ಮಾತೇ ಕನ್ನಡಕ್ಕೆ ಬೀಗದ ಕೈ ಅಂತ ಅದಕ್ಕೆ ಗೊತ್ತಾಗಿರುತ್ತೆ. ಎಲ್ಲ ಮಾತಿಗೂ ಇದು ನಡೆಯಲ್ಲ, ಚೆಟ್ಟು ಮರವೇ ಆಗಬೇಕು, ಕುಕ್ಕ ನಾಯಿಯೇ ಆಗಬೇಕು. ಅದನ್ನೂ ಮಕ್ಕಳು ಬೇಗ ಹಿಡಿಯುತ್ತಾರೆ.

ಒಂದು ಎಚ್ಚರಿಕೆ. ಒಂದನೇ ತರಗತಿಯವರ ಕೈಗೆ ಬಿಡಿ ಕಾಳು ಕೊಟ್ಟು ಕಣ್ಣು ಬೇರೆ ಕಡೆ ತಿರುಗಿಸಬೇಡಿ. ಮೂಗಿಗೆ, ಕಿವಿಗೆ ಹಾಕಿಕೊಳ್ಳುತ್ತಾರೆ. ಅವರಿಗೆ ಇಡೀ ಕಾಯಿ ಸಾಕು.

ಸೋಮವಾರದಿಂದ ಗುರುವಾರ: ಎಲ್ಲರೂ ಎಡವುವ ಜಾಗ

ನಲಿ-ಕಲಿಯಲ್ಲಿ ಮಕ್ಕಳ ತಂಡ ಐದು. ಶಿಕ್ಷಕರ ಪೂರ್ಣ ಬೆಂಬಲದ ತಂಡ ನಿಮ್ಮ ಜೊತೆ. ಉಳಿದವು ಭಾಗಶಃ ಬೆಂಬಲ, ಗೆಳೆಯರ ಬೆಂಬಲದ ಎರಡು ತಂಡ, ಸ್ವಕಲಿಕೆ. ಆ ನಾಲ್ಕು ತಂಡಕ್ಕೆ ಕಲಿಕೆಯ ಕಾರ್ಡು ಹಂಚಿದರೆ ಕೆಲಸ ಕೊಟ್ಟ ಹಾಗೆ ಅಂತ ತುಂಬಾ ಜನ ನಂಬಿದ್ದಾರೆ. ಕಾರ್ಡು ಏನು ಕಲಿಯಬೇಕು ಅಂತ ಹೇಳುತ್ತೆ. ಕೈಗೆ ಏನು ಕೆಲಸ, ಎಷ್ಟು ಹೊತ್ತು, ಮುಗಿದ ಮೇಲೆ ಏನು, ಇದನ್ನೆಲ್ಲ ನೀವೇ ಹೇಳಬೇಕು.

ಮಕ್ಕಳೇ ಮಾಡಿಕೊಳ್ಳುವ ಕೆಲಸವನ್ನು ನಾನು ಮೂರು ಪ್ರಶ್ನೆ ಹಾಕಿ ನೋಡುತ್ತೇನೆ. ಒಂದೇ ಮಾತಲ್ಲಿ ಹೇಳೋಕೆ ಆಗುತ್ತಾ? ಮುಗೀತು ಅಂತ ಮಗುವಿಗೇ ಗೊತ್ತಾಗುತ್ತಾ? ಮುಗಿದ ಮೇಲೆ ಎಲ್ಲಿಗೆ ಹೋಗಬೇಕು ಅಂತ ಅದಕ್ಕೆ ಗೊತ್ತಿದೆಯಾ? ಮೂರಕ್ಕೂ ಹೌದು ಅನ್ನೋ ಹಾಗಿಲ್ಲದಿದ್ದರೆ ಆ ಕೆಲಸ ಕೊಡಲ್ಲ.

‘ಅವರೆಕಾಯಿ ಚಿತ್ರ ಬರಿ’ ಅನ್ನೋದು ಇದರಲ್ಲಿ ಬಿದ್ದುಹೋಗುತ್ತೆ. ಚಿತ್ರ ಯಾವಾಗ ಮುಗಿಯುತ್ತೆ? ಒಬ್ಬ ಎರಡು ಗೆರೆ ಎಳೆದು "ಆಯ್ತು" ಅಂತ ಬರುತ್ತಾನೆ, ಇನ್ನೊಬ್ಬಳು ಬಿಸಿಯೂಟದವರೆಗೂ ಬಣ್ಣ ತುಂಬುತ್ತಾಳೆ. ‘ಹತ್ತು ಸಲ ಬರಿ’ ಅನ್ನೋದು ಮೂರು ಪ್ರಶ್ನೆಯನ್ನೂ ದಾಟುತ್ತೆ, ಆದರೂ ದಯವಿಟ್ಟು ಕೊಡಬೇಡಿ. ಮೂರನೇ ಸಲಕ್ಕೆ ಮಗುವಿನ ತಲೆ ಮಲಗಿರುತ್ತೆ, ಕೈ ಮಾತ್ರ ಓಡುತ್ತೆ. ಐದನೇ ಸಲಕ್ಕೆ ತಪ್ಪಾಗಿ ಬರೆದರೆ ಉಳಿದ ಐದೂ ತಪ್ಪೇ.

ಇದನ್ನು ನೋಡಿ: ‘ಹತ್ತು ಕಾಯಿ ಸುಲಿ, ಪ್ರತಿ ಕಾಯಲ್ಲಿ ಎಷ್ಟು ಕಾಳಿದೆ ಅಂತ ಸ್ಲೇಟಿನಲ್ಲಿ ಬರಿ’. ಸ್ಲೇಟಿನಲ್ಲಿ ಹತ್ತು ಅಂಕಿ ಬಂದರೆ ಮುಗೀತು. ಎರಡನೇ ತರಗತಿಯವರು ಇದನ್ನು ಮಾಡಲಿ. ಮೂರನೆಯವರು ಆ ಹತ್ತನ್ನೂ ಕೂಡಿ, ಕಾಳನ್ನು ಹತ್ತತ್ತರ ಗುಡ್ಡೆ ಮಾಡಿ ಉತ್ತರ ಸರಿಯಾ ಅಂತ ತಾವೇ ನೋಡಿಕೊಳ್ಳಲಿ. ಒಂದನೆಯವರು ಸುಲಿಯದೆ, ಕಾಯಿಗಳನ್ನು ಗಿಡ್ಡದಿಂದ ಉದ್ದಕ್ಕೆ ಸಾಲಾಗಿ ಜೋಡಿಸಲಿ. ಒಂದೇ ಬುಟ್ಟಿ ಕಾಯಿ, ಮೂರು ತರಗತಿಯ ಕೆಲಸ. ತಿದ್ದೋಕೆ ನೀವು ಬೇಕಾಗಿಲ್ಲ, ಕಾಳೇ ತಿದ್ದುತ್ತೆ.

ಭಾಷೆಗೂ ಇದೇ ಥರ. ‘ರ ಗ ಸ ದ ಅ’, ‘ಜ ವ ಮ ಬ ನ’ ಮುಗಿಸಿದ ಮಕ್ಕಳಿಗೆ ಈ ಹತ್ತು ಅಕ್ಷರದಲ್ಲೇ ಎಷ್ಟು ಪದ ಸಿಗುತ್ತೆ ನೋಡಿ: ಮರ, ಸರ, ಜನ, ವನ, ಅರಸ, ಅಗಸ, ನಗರ, ಬರ, ದನ. ಲಗ್ನಪತ್ರಿಕೆಯ ಹಿಂದೆ ಒಂದೊಂದು ಅಕ್ಷರ ಬರೆದು ಒಂದು ಕಟ್ಟು ಕೊಡಿ. ಆರು ಪದ ಜೋಡಿಸಬೇಕು, ಗೋಡೆ ಹಲಗೆಯ ಮೇಲೆ ಬರೆಯಬೇಕು, ಜೊತೆಗಾರನಿಗೆ ಓದಿಸಬೇಕು. ಮುಗಿದ ಮೇಲೆ ಓದುವ ಮೂಲೆ.

ಇನ್ನು ಬಹಳ ಮುಖ್ಯವಾದದ್ದು. ಒಂದು ವಾರಕ್ಕೆ ಒಂದೇ ಹೊಸ ಕೆಲಸ. ಉಳಿದ ಮೂರು ತಂಡದ ಕೆಲಸ ಮಕ್ಕಳಿಗೆ ಹಳೆಯದಾಗಿರಬೇಕು, ವಸ್ತು ಮಾತ್ರ ಬದಲಾಗಲಿ. ಹೋದ ವಾರ ಹುಣಸೆಬೀಜ ಎಣಿಸಿದವರು ಈ ವಾರ ಅವರೆಕಾಳು ಎಣಿಸಲಿ. ನಾಲ್ಕು ತಂಡಕ್ಕೂ ನಾಲ್ಕು ಹೊಸ ಚಟುವಟಿಕೆ ಕೊಡೋದು ನೋಡೋಕೆ ಚೆನ್ನಾಗಿರುತ್ತೆ, ಫೋಟೋ ಚೆನ್ನಾಗಿ ಬರುತ್ತೆ. ಆದರೆ ನಾಲ್ಕು ಕಡೆಯಿಂದಲೂ "ಮಿಸ್, ಹೇಗೆ?" ಅಂತ ಬರ್ತಾರೆ. 

ಆ ಒಂದು ಹೊಸ ಕೆಲಸವನ್ನು ಸೋಮವಾರ 22 ಮಕ್ಕಳಿಗೂ ಮಾಡಿ ತೋರಿಸಿ. ಡಬ್ಬಿ ತರೋದು, ಕಾಯಿ ಸುಲಿಯೋದು, ಸಿಪ್ಪೆ ಎಲ್ಲಿ ಹಾಕೋದು, ಡಬ್ಬಿ ಎಲ್ಲಿ ವಾಪಸ್ ಇಡೋದು, ಎಲ್ಲ. ಆಮೇಲೆ "ಈಗ ನಾನು ಇಲ್ಲಿಲ್ಲ" ಅಂತ ಹೇಳಿ ಬಾಗಿಲ ಹತ್ತಿರ ಹೋಗಿ ಐದು ನಿಮಿಷ ಮಾತಾಡದೆ ನಿಲ್ಲಿ. ಎಲ್ಲಿ ಜಗಳ ಶುರುವಾಗುತ್ತೆ ನೋಡಿ. ನನ್ನ ಅನುಭವದಲ್ಲಿ ಜಗಳ ಕಲಿಯುವಾಗ ಆಗಲ್ಲ, ಸಾಮಾನು ತಗೊಳ್ಳುವಾಗ, ವಾಪಸ್ ಇಡುವಾಗ ಆಗುತ್ತೆ. ಹಾಗಾಗಿ ದೊಡ್ಡ ಗುಡ್ಡೆ ಇಡಬೇಡಿ. ಹತ್ತತ್ತು ಕಾಯಿ ಎಣಿಸಿ ಮೊದಲೇ ಡಬ್ಬಿಗೆ ಹಾಕಿಡಿ. ಇದಕ್ಕೆ ಸೋಮವಾರ ಒಂದು ಗಂಟೆ ಹೋಗುತ್ತೆ. ಹೋಗಲಿ. ಮಂಗಳವಾರದಿಂದ ದಿನಕ್ಕೊಂದು ಗಂಟೆ ಉಳಿಯುತ್ತೆ.

ಪ್ರತಿ ತಂಡಕ್ಕೂ ಒಬ್ಬ ಅಕ್ಕ ಅಥವಾ ಅಣ್ಣ ಇರಲಿ, ವಾರವಾರ ಬದಲಾಗಲಿ. ಸಂಶಯ ಬಂದರೆ ಮೊದಲು ಅವರನ್ನು ಕೇಳಬೇಕು. ಚುರುಕಾಗಿರುವ ಒಬ್ಬಳೇ ಹುಡುಗಿಯನ್ನು ವರ್ಷವಿಡೀ ಅಕ್ಕ ಮಾಡಬೇಡಿ. ಅವಳ ಕಲಿಕೆ ನಿಂತುಹೋಗುತ್ತೆ, ಅದು ಅನ್ಯಾಯ. ಹಿಂದುಳಿದ ಮಗುವಿಗೂ ಸರದಿ ಕೊಡಿ, ಅದಕ್ಕೆ ಚೆನ್ನಾಗಿ ಬರುವ ಕೆಲಸದ ವಾರ ನೋಡಿಕೊಂಡು ಕೊಡಿ.

ಶೌಚಾಲಯಕ್ಕೆ ಹೋಗೋಕೆ ಕೇಳುವ ಅಗತ್ಯವೇ ಇರಬಾರದು. ಬಾಗಿಲ ಪಕ್ಕದ ಮೊಳೆಗೆ ಒಂದು ಬಳೆ ತೂಗುಹಾಕಿ. ಹೋಗುವವರು ಅದನ್ನು ಕಿಟಕಿ ಸರಳಿಗೆ ಸಿಕ್ಕಿಸಿ ಹೋಗಲಿ, ಬಂದು ಮತ್ತೆ ಮೊಳೆಗೆ ಹಾಕಲಿ. ಬಳೆ ಮೊಳೆಯಲ್ಲಿ ಇಲ್ಲದಿದ್ದರೆ ಯಾರೋ ಹೋಗಿದ್ದಾರೆ ಅಂತ ಅರ್ಥ. ಪೆಟ್ಟಾದರೆ, ಹುಷಾರಿಲ್ಲ ಅನಿಸಿದರೆ ಮಾತ್ರ ಯಾವಾಗ ಬೇಕಾದರೂ ಮಿಸ್ ಹತ್ತಿರ ಬರಬಹುದು.

ನೀವು ಕೂರುವ ಜಾಗವೂ ಮುಖ್ಯ. ಬೆನ್ನು ಗೋಡೆಗೆ, ಮುಖ ಬಾಗಿಲಿಗೆ, ಮಕ್ಕಳ ಎತ್ತರದಲ್ಲಿ. ಒಂದು ತಂಡ ಮುಗಿಸಿ ಮುಂದಿನ ತಂಡ ಕರೆಯುವ ಮೊದಲು ಎದ್ದು ಎರಡು ನಿಮಿಷ ಎಲ್ಲರ ಹತ್ತಿರ ಹೋಗಿ ಬನ್ನಿ. ತಿದ್ದೋಕೆ ಕೂರಬೇಡಿ, ನೋಡಿ ಒಂದು ಮಾತಾಡಿ ಸಾಕು. ಮಿಸ್ ಬರ್ತಾರೆ ಅಂತ ಗೊತ್ತಿದ್ದರೆ ಅವರು ನಿಮ್ಮ ಹತ್ತಿರ ಬರಲ್ಲ.

ಮೊಬೈಲಿನಲ್ಲಿ ಹಾಡು ಹಾಕಿ ಹದಿನೇಳು ಮಕ್ಕಳನ್ನು ಅದರ ಮುಂದೆ ಕೂರಿಸೋ ಸುಲಭದ ದಾರಿ ಬೇಡವೇ ಬೇಡ. ಗದ್ದಲ ನಿಲ್ಲುತ್ತೆ ನಿಜ. ಆದರೆ ನಿಮ್ಮ ಜೊತೆಗಿರುವ ಐದು ಮಕ್ಕಳ ಕಿವಿಯೂ ಆ ಕಡೆಗೇ ಹೋಗುತ್ತೆ.

ಬುಧವಾರ ಅಡುಗೆ ಅಕ್ಕನ ಹತ್ತಿರ ಪಾವು, ಸೇರು ಇಸಕೊಂಡು ಮೂರನೆಯವರಿಗೆ ಅಳೆಯೋಕೆ ಕೊಡಿ. ನಾಲ್ಕು ಪಾವು ಒಂದು ಸೇರು ಅಂತ ಅವರೇ ಕಂಡುಕೊಳ್ಳಲಿ. ಗುರುವಾರ ಹತ್ತಿರದ ಅವರೆ ಹೊಲಕ್ಕೆ ಹೋಗಿ ಬನ್ನಿ.

ಯಾರು ಎಲ್ಲಿದ್ದಾರೆ ಅಂತ ನೋಡೋದು

ಶುಕ್ರವಾರ ಒಂದೇ ದಿನ ಎಲ್ಲರನ್ನೂ ಪರೀಕ್ಷೆ ಮಾಡಬೇಡಿ. ದಿನಕ್ಕೆ ಐದು ಮಕ್ಕಳು, ಒಬ್ಬೊಬ್ಬರಿಗೆ ಎರಡು ನಿಮಿಷ. ಐದು ದಿನಕ್ಕೆ 25 ಜಾಗ, ಮಕ್ಕಳು 22, ರಜೆ ಹಾಕಿದವರಿಗೆ ಮೂರು ಜಾಗ ಉಳಿಯುತ್ತೆ. ಒಂದು ಕಾರ್ಡು ಓದಿಸಿ, ಒಂದು ಲೆಕ್ಕ ಮಾಡಿಸಿ, ಒಂದು ಸಾಲು ಬರೆದಿಡಿ. ‘ಚೆನ್ನಾಗಿದೆ’ ಅಂತ ಬರೆದರೆ ಮುಂದಿನ ವಾರ ಅದರಿಂದ ಏನೂ ಗೊತ್ತಾಗಲ್ಲ. ‘ಬ, ವ ಅದಲುಬದಲು ಮಾಡ್ತಾನೆ’ ಅಂತ ಬರೆಯಿರಿ. ಯಾವ ಮೆಟ್ಟಿಲು ಮುಗೀತು ಅಂತ ತೋರಿಸುವ ಪ್ರಗತಿ ನೋಟದಲ್ಲಿ ಮಗು ತಾನೇ ಬಣ್ಣ ತುಂಬಲಿ, ಆದರೆ ನಿಮ್ಮ ಎರಡು ನಿಮಿಷ ಮುಗಿದ ಮೇಲೆ ಮಾತ್ರ.

ಶನಿವಾರ

ಬೆಳಗಿನ ಶಾಲೆ, ಅರ್ಧ ದಿನ. ವ್ಯಾಯಾಮ, ಹಾಡು, ಕಥೆ. ತಿಂಗಳ ಮೂರನೇ ಶನಿವಾರವಾದರೆ ಬ್ಯಾಗೂ ಇಲ್ಲ. ವಾರದ ಕೆಲಸವನ್ನು ಚಪ್ಪರದ ದಾರಕ್ಕೆ, ಅಂದರೆ ತರಗತಿಯಲ್ಲಿ ತಲೆ ಮೇಲೆ ಎಳೆದು ಕಟ್ಟಿದ ದಾರಗಳಿಗೆ, ಮಕ್ಕಳೇ ಕಟ್ಟಲಿ. ಎಲ್ಲರದ್ದೂ ಕಟ್ಟಿ, ಅಂದವಾದದ್ದನ್ನು ಮಾತ್ರ ಆರಿಸಬೇಡಿ. ತನ್ನ ಹೆಸರನ್ನು ಚಪ್ಪರದಲ್ಲಿ ಹುಡುಕಿ ಸಿಗದ ಮಗುವನ್ನು ನಾನು ನೋಡಿದ್ದೇನೆ. ಮತ್ತೆ ನೋಡೋಕೆ ಇಷ್ಟ ಇಲ್ಲ.

ನಾಲ್ಕು ದಿನ ಕೈಯಾಡಿಸಿದ ಕಾಳು ಅಡುಗೆಗೆ ಬೇಡ, ಊರಿನ ಕೋಳಿಗಳಿಗೆ ಹಾಕಿ. ಗಟ್ಟಿ ಕಾಳು ನಾಲ್ಕಿದ್ದರೆ ಒಣಗಿಸಿ ಎತ್ತಿಡಿ, ಮಳೆ ಬಿದ್ದಾಗ ಬಿತ್ತಬಹುದು. ಮನೆಗೆ ಬಿಡುವ ಮೊದಲು ಮುಂದಿನ ವಾರದ ಪ್ರಶ್ನೆ ಕೊಟ್ಟು ಕಳಿಸಿ. ಈ ಸಲ ನಾನು ಕೊಟ್ಟಿದ್ದು ಇದು: "ರಾಗಿ ಬೀಸುವ ಕಲ್ಲು ನಿಮ್ಮ ಮನೆಯಲ್ಲಿದೆಯಾ, ಇದ್ದರೆ ಕೊನೇ ಸಲ ಬೀಸಿದ್ದು ಯಾರು, ಅಜ್ಜಿಯನ್ನು ಕೇಳಿಕೊಂಡು ಬನ್ನಿ".