ಮೃದಂಗದ ಕಡೆ ಕೂತ್ಕೊಳ್ಳಿ: ಬೆಂಗಳೂರಲ್ಲಿ ಸಂಗೀತ ಕಚೇರಿ ಕೇಳಲು ಹೊರಟವರಿಗೆ

ನನ್ನ ತಂಗಿಯ ಮಗಳು ಕೆಲಸ ಸಿಕ್ಕಿ ತೀರ್ಥಹಳ್ಳಿಯಿಂದ ಬೆಂಗಳೂರಿಗೆ ಬಂದಳು. ಮೊದಲ ಸಂಬಳ ಬಂದ ತಿಂಗಳು ಯಾವುದೋ ಮೈದಾನದ ದೊಡ್ಡ ಶೋಗೆ ಎರಡೂವರೆ ಸಾವಿರ ಕೊಟ್ಟು ಹೋದಳು. ಹಾಡಿದವರ ಮುಖ ಕಂಡಿದ್ದು ಪರದೆಯ ಮೇಲೆ ಮಾತ್ರವಂತೆ. ಹೊರಗೆ ಬರಲಿಕ್ಕೇ ಒಂದು ಗಂಟೆ ಬೇಕಾಯಿತಂತೆ. "ದೊಡ್ಡಮ್ಮಾ, ಇಲ್ಲಿ ಹಾಡು ಕೇಳೋದು ಅಂದ್ರೆ ಇಷ್ಟೇನಾ?" ಅಂದಳು. ನನಗೆ ಬೇಜಾರಾಯಿತು. ಇಂಥ ಊರಲ್ಲಿದ್ದುಕೊಂಡು ಹಾಗೆ ಅನ್ನಿಸಬಾರದು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಬ್ಯಾಂಕ್ ಕೆಲಸದವಳು. ಚಿಕ್ಕವಳಿದ್ದಾಗ ಮೂರು ವರ್ಷ ಮೃದಂಗ ಕಲಿತು ಬಿಟ್ಟೆ. ಕೈ ಬಿಟ್ಟಿತು, ಕಿವಿ ಬಿಡಲಿಲ್ಲ. ಹಾಗಾಗಿ ನನ್ನ ಆಯ್ಕೆಗಳು ಕರ್ನಾಟಕ ಸಂಗೀತದ ಕಡೆ, ಅದರಲ್ಲೂ ತಾಳವಾದ್ಯದ ಕಡೆ ಜಾಸ್ತಿ ವಾಲುತ್ತವೆ.

ಮೊದಲು ಸಣ್ಣ ಜಾಗಕ್ಕೆ ಹೋಗಿ. ಬಸವನಗುಡಿಯ ಬಿ.ಪಿ. ವಾಡಿಯಾ ರಸ್ತೆಯಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಇದೆ. 1945ರಲ್ಲಿ ಶುರುವಾದ ಸಂಸ್ಥೆ. ಅಲ್ಲಿನ ಸಂಜೆಯ ಕಾರ್ಯಕ್ರಮಗಳಿಗೆ ಟಿಕೆಟ್ ಇಲ್ಲ. ಸುಮ್ನೆ ಹೋಗಿ ಕೂರಬಹುದು. ಹೆಸರು ಮಾಡುತ್ತಿರುವ ಹುಡುಗ ಹುಡುಗಿಯರು ಇಂಥ ಕಡೆ ಹಾಡುತ್ತಾರೆ. ಗಾಯಕಿ ಉಸಿರು ತೆಗೆದುಕೊಳ್ಳುವುದು, ಪಿಟೀಲಿನವರು ನಕ್ಕು ತಲೆಯಾಡಿಸುವುದು, ಎಲ್ಲ ಕಾಣುತ್ತದೆ. ಇಷ್ಟವಾಗದಿದ್ದರೆ ಮೆಲ್ಲಗೆ ಎದ್ದು ಬಂದರಾಯಿತು, ನಷ್ಟವೇನೂ ಇಲ್ಲ. ಮಲ್ಲೇಶ್ವರದ ಕಡೆ ಇರುವವರು ಸೇವಾಸದನ, ಅನನ್ಯ ಸಭಾಂಗಣಗಳ ಮೇಲೆ ಕಣ್ಣಿಟ್ಟಿರಿ.

ಎಲ್ಲಿ ಕೂರಬೇಕು ಅನ್ನುವುದು ನನಗೆ ಬಹಳ ಮುಖ್ಯ. ಎಲ್ಲರೂ ನಡುವಿನ ಕುರ್ಚಿಗೆ ಓಡುತ್ತಾರೆ. ನೀವು ಎಡಗಡೆಗೆ ಹೋಗಿ, ಮೂರನೆಯ ಇಲ್ಲವೇ ನಾಲ್ಕನೆಯ ಸಾಲು ಹಿಡಿಯಿರಿ. ಮೃದಂಗದವರು ಸಾಮಾನ್ಯವಾಗಿ ಗಾಯಕರ ಬಲಕ್ಕೆ, ಅಂದರೆ ನಮ್ಮ ಎಡಕ್ಕೆ ಕೂರುತ್ತಾರೆ. ಆಗ ನಡುವೆ ಕರಣೆ ಅನ್ನುವ ಕಪ್ಪು ಬಿಲ್ಲೆ ಇರುವ ಬಲಮುಖ ನಮ್ಮ ಕಡೆ ತಿರುಗಿರುತ್ತದೆ. ಬೆರಳುಗಳು ಎಲ್ಲಿ ಬೀಳುತ್ತವೆ, ಎಲ್ಲಿ ಬರೀ ಸವರುತ್ತವೆ ಅನ್ನುವುದು ಚೆನ್ನಾಗಿ ಕಾಣುತ್ತದೆ. ಎಡಗೈಯವರಾದರೆ ಪಿಟೀಲಿನವರ ಜೊತೆ ಜಾಗ ಅದಲುಬದಲಾಗುತ್ತದೆ. ಅವರು ಬಂದು ಕೂತ ಮೇಲೆ ನೋಡಿಕೊಂಡು ನೀವೂ ಆ ಕಡೆ ಹೋಗಿ.

ಕಾಲು ಗಂಟೆ ಮುಂಚೆಯೇ ಹೋಗಿ. ಮೃದಂಗದವರು ಚಿಕ್ಕ ಡಬ್ಬಿ ತೆಗೆದು, ರವೆಯನ್ನು ನೀರಲ್ಲಿ ಕಲಸಿ, ಎಡಮುಖದ ನಡುವೆ ಬಿಲ್ಲೆಯ ಹಾಗೆ ಮೆತ್ತುವುದನ್ನು ನೋಡಬಹುದು. ಆ ರವೆ ಇಲ್ಲದಿದ್ದರೆ ಎಡಗಡೆ ಗುಂ ಅನ್ನುವ ತುಂಬಿದ ನಾದ ಬರುವುದಿಲ್ಲ. ಈಗ ರವೆಯ ಬದಲು ಬೇರೆ ಅಂಟು ಬಳಸುವವರೂ ಇದ್ದಾರೆ. ಆಮೇಲೆ ಒಂದು ಕಲ್ಲು, ಒಂದು ಮರದ ತುಂಡು ಹಿಡಿದು ಬಲಮುಖದ ಅಂಚನ್ನು ಸುತ್ತಲೂ ತಟ್ಟುತ್ತಾರೆ. ತಟ್ಟು, ಕೇಳು, ಸ್ವಲ್ಪ ತಿರುಗಿಸು, ಮತ್ತೆ ತಟ್ಟು. ತಂಬೂರಿಯ ಶ್ರುತಿಗೆ ಅದು ಬಂದು ಸೇರುವ ಗಳಿಗೆ ಇದೆಯಲ್ಲ, ನನ್ನ ಪಾಲಿಗೆ ಕಚೇರಿ ಶುರುವಾಗುವುದು ಆಗಲೇ.

ಇನ್ನು ತಾಳ. ಆದಿತಾಳ ಒಂದನ್ನು ಕಲಿತರೆ ಅರ್ಧ ಕಚೇರಿ ನಿಮ್ಮದು. ತೊಡೆಯ ಮೇಲೆ ಒಂದು ತಟ್ಟು. ಆಮೇಲೆ ಕಿರುಬೆರಳು, ಉಂಗುರದ ಬೆರಳು, ನಡುಬೆರಳು. ಆಮೇಲೆ ತಟ್ಟು, ಕೈ ತಿರುವು, ತಟ್ಟು, ಕೈ ತಿರುವು. ಎಂಟಾಯಿತು, ಮತ್ತೆ ಮೊದಲಿಂದ. ತಪ್ಪಿದರೆ ಪಕ್ಕದಲ್ಲಿ ಕೂತ ಅಜ್ಜನ ಕೈ ನೋಡಿ. ಒಬ್ಬರಲ್ಲ ಒಬ್ಬರು ಅಜ್ಜ ಇದ್ದೇ ಇರುತ್ತಾರೆ, ತಪ್ಪದೆ ಹಾಕುತ್ತಿರುತ್ತಾರೆ.

ಈ ಲೆಕ್ಕ ಬೇಕಾಗುವುದು ತನಿ ಆವರ್ತನದಲ್ಲಿ. ಕಚೇರಿ ಆರೂವರೆಗೆ ಶುರುವಾದರೆ ದೊಡ್ಡ ಕೃತಿಯ, ಅಂದರೆ ಮುಖ್ಯ ಹಾಡಿನ, ಕೊನೆಗೆ ತನಿ ಬರುವಾಗ ಸುಮಾರು ಎಂಟಾಗಿರುತ್ತದೆ. ಗಾಯಕರು ಸುಮ್ಮನಾಗುತ್ತಾರೆ. ಮೃದಂಗ, ಘಟ, ಖಂಜಿರ, ಮೋರ್ಚಿಂಗ್ ಯಾವುದಿದೆಯೋ ಅವೇ ಮಾತಾಡುತ್ತವೆ. ಆಗಲೇ ಜನ ಕಾಫಿಗೆ ಅಂತ ಏಳುತ್ತಾರೆ. ದಯವಿಟ್ಟು ಏಳಬೇಡಿ. ವರ್ಷಗಟ್ಟಲೆ ಬೆರಳು ಸವೆಸಿದವರಿಗೆ ಇಡೀ ಸಂಜೆಯಲ್ಲಿ ಸಿಗುವುದು ಆ ಹತ್ತು ಹದಿನೈದು ನಿಮಿಷ. ತಾಳ ಹಾಕುತ್ತಾ ಕೂತರೆ, ಕೊನೆಗೆ ಒಂದೇ ಜೋಡಣೆಯನ್ನು ಮೂರು ಸಲ ನುಡಿಸುವುದು ಗೊತ್ತಾಗುತ್ತದೆ. ಅದೇ ಕೋರ್ವೆ. ಮೂರನೆಯದು ಮುಗಿದು, ಹಾಡು ಬಿಟ್ಟ ಜಾಗಕ್ಕೇ ಬಂದು ನಿಂತಾಗ ಇಡೀ ಸಭೆಯ ಕೈ ಒಟ್ಟಿಗೆ ತೊಡೆಗೆ ಬೀಳುತ್ತದೆ. ಘಟದಲ್ಲಿ ಸುಕನ್ಯಾ ರಾಮಗೋಪಾಲ್ ಅವರ ಹೆಸರು ಆಹ್ವಾನ ಪತ್ರಿಕೆಯಲ್ಲಿ ಕಂಡರೆ ಬೇರೆ ಕೆಲಸ ಮುಂದಕ್ಕೆ ಹಾಕಿ. ಬೇರೆ ಬೇರೆ ಶ್ರುತಿಯ ಘಟಗಳನ್ನು ಇಟ್ಟುಕೊಂಡು ಅವರು ನುಡಿಸುವ ಘಟ ತರಂಗವನ್ನು ಎದುರಲ್ಲೇ ಕೂತು ಕೇಳಬೇಕು.

ಆಹ್ವಾನ ಪತ್ರಿಕೆಯಲ್ಲಿ ಗಾಯಕರ ಹೆಸರಷ್ಟೇ ನೋಡಬೇಡಿ ಅನ್ನುವುದೂ ಇದಕ್ಕೇ. ಕೆಳಗೆ ಸಣ್ಣ ಅಕ್ಷರದಲ್ಲಿರುವ ಪಕ್ಕವಾದ್ಯದವರ ಹೆಸರನ್ನೂ ಓದಿ. ನಾಲ್ಕೈದು ಕಚೇರಿ ಆದ ಮೇಲೆ ಯಾರ ಜೋಡಿ ಕುದುರುತ್ತದೆ ಅನ್ನುವುದು ನಿಮಗೇ ತಿಳಿಯುತ್ತದೆ.

ಸಣ್ಣ ಜಾಗಗಳಲ್ಲಿ ಕಿವಿ ಹದವಾದ ಮೇಲೆ ಕೆ.ಆರ್. ರಸ್ತೆಯ ಗಾಯನ ಸಮಾಜಕ್ಕೆ ಬನ್ನಿ. 1905ರಿಂದ ಇರುವ ಸಭೆ. ಅಲ್ಲಿನ ವಾರ್ಷಿಕ ಸಮ್ಮೇಳನದಲ್ಲಿ ಬೆಳಗಿನ ಹೊತ್ತು ಪ್ರಾತ್ಯಕ್ಷಿಕೆಗಳಿರುತ್ತವೆ. ಒಂದು ರಾಗವನ್ನೋ ಒಂದು ಪಲ್ಲವಿಯನ್ನೋ ಹಿಡಿದು ವಿದ್ವಾಂಸರು ಬಿಡಿಸಿ ಹೇಳುತ್ತಾರೆ. ನಾನು ರಜೆ ಹಾಕಿ ಹೋಗುತ್ತೇನೆ. ಮುಗಿದ ಮೇಲೆ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಇಡ್ಲಿ, ಮೇಲೆ ಚಟ್ನಿ.

ವರ್ಷಕ್ಕೆ ಒಂದೇ ಕಡೆ ಹೋಗಲಿಕ್ಕೆ ಆಗುವುದು ಅಂದರೆ, ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಸಂಗೀತೋತ್ಸವಕ್ಕೆ ಹೋಗಿ. ಶ್ರೀ ರಾಮಸೇವಾ ಮಂಡಳಿ ಇದನ್ನು ಶುರು ಮಾಡಿದ್ದು 1939ರಲ್ಲಿ. ಎಂ.ಎಸ್. ಸುಬ್ಬುಲಕ್ಷ್ಮಿ ಹಾಡಿದ ಚಪ್ಪರ ಅದು. ಹತ್ತಿರ ಹತ್ತಿರ ಒಂದು ತಿಂಗಳು ನಡೆಯುತ್ತದೆ. ಏಪ್ರಿಲ್ ಸೆಕೆ, ಹಾಗಾಗಿ ಹತ್ತಿಯ ಬಟ್ಟೆ ಹಾಕಿಕೊಳ್ಳಿ. ಬೀಸಣಿಗೆ ಒಂದಿರಲಿ, ನೀರಿನ ಬಾಟಲಿ ಇರಲಿ. ಛತ್ರಿಯನ್ನಂತೂ ಮರೆಯಬೇಡಿ. ಒಂದು ವರ್ಷ ಆಲಾಪನೆಯ ನಡುವೆ ಗುಡುಗು ಶುರುವಾಗಿ ಚಪ್ಪರದ ಮೇಲೆ ಮಳೆ ಸುರಿಯಿತು. ಮೈಕಿನಲ್ಲಿ ಏನೂ ಕೇಳದಾಯಿತು. ಗಾಯಕರು ಕಣ್ಣು ಮುಚ್ಚಿ ತಂಬೂರಿ ಕೇಳುತ್ತಾ ಕೂತರು. ಯಾರೂ ಏಳಲಿಲ್ಲ. ಮಳೆ ನಿಂತ ಮೇಲೆ ಅವರು ಬಿಟ್ಟ ಸ್ವರದಿಂದಲೇ ಎತ್ತಿಕೊಂಡರು. ಹಸಿ ಮಣ್ಣಿನ ವಾಸನೆಯ ಜೊತೆ ಕೇಳಿದ ಆ ಕಲ್ಯಾಣಿ ರಾಗ ಇವತ್ತಿಗೂ ಕಿವಿಯಲ್ಲಿದೆ.

ಅದೇ ದಿನಗಳಲ್ಲಿ ಬಡಾವಣೆಗಳ ರಾಮಮಂದಿರಗಳಲ್ಲೂ ಕಚೇರಿ ಇರುತ್ತದೆ. ಪಾನಕ, ಕೋಸಂಬರಿ ಕೂಡ ಸಿಗುತ್ತದೆ.

ಚೌಡಯ್ಯ ಸ್ಮಾರಕ ಭವನ ನೋಡಲಿಕ್ಕೇ ಚೆಂದ, ಕಟ್ಟಡವೇ ಪಿಟೀಲಿನ ಆಕಾರ. ಮೈಸೂರು ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಹಾಕಿಸಿಕೊಂಡಿದ್ದು ಮೈಕಿಲ್ಲದ ಕಾಲದಲ್ಲಿ ದೂರ ಕೂತವರಿಗೂ ನಾದ ಮುಟ್ಟಲಿ ಅಂತ. ಅಲ್ಲಿ ದೊಡ್ಡ ಹೆಸರುಗಳು ಬರುತ್ತವೆ, ಟಿಕೆಟ್ ಬೇಗ ಮುಗಿಯುತ್ತದೆ. ದುಬಾರಿ ಟಿಕೆಟ್ಟೇ ಬೇಕೆಂದಿಲ್ಲ. ಬೆರಳು ಕಾಣದಿದ್ದರೂ ಸರಿ ಅನ್ನುವ ದಿನ ನಾನು ಹಿಂದೆ ಕೂತು ಕೇಳುತ್ತೇನೆ.

ಹಿಂದೂಸ್ತಾನಿಗೆ ಮೊದಲ ಸಲ ಹೋಗುವವರಿಗೆ ಒಂದೇ ಮಾತು. ವಿಲಂಬಿತದ, ಅಂದರೆ ನಿಧಾನಗತಿಯ ಹಾಡಿಕೆಯ, ಮೊದಲ ಇಪ್ಪತ್ತು ನಿಮಿಷ ಏನೂ ಆಗುತ್ತಿಲ್ಲ ಅನ್ನಿಸಬಹುದು. ತಾಳ್ಮೆಯಿಂದ ಕೂತು, ಎಲ್ಲರ ತಲೆ ಒಟ್ಟಿಗೆ ಬಾಗುವ ಜಾಗ ಹುಡುಕಿ. ಅದೇ ಸಮ್, ತಾಳದ ಮೊದಲ ಪೆಟ್ಟು. ಧಾರವಾಡದ ವೆಂಕಟೇಶ ಕುಮಾರ್ ಅವರು ಹಾಡಲು ಬಂದರೆ ಬಿಡಬೇಡಿ. ಕೊನೆಗೆ ವಚನವನ್ನೋ ದಾಸರ ಪದವನ್ನೋ ಎತ್ತಿಕೊಂಡರಂತೂ ಕೂತವರ ಪುಣ್ಯ.

ಕರ್ನಾಟಕ ಕಚೇರಿಯಲ್ಲಿ ತನಿ ಮುಗಿದ ಮೇಲೆ ಚೀಟಿ ಕಳಿಸುವ ರೂಢಿ ಇದೆ. ನಿಮಗೆ ಬೇಕಾದ ದೇವರನಾಮದ ಹೆಸರು ದೊಡ್ಡ ಅಕ್ಷರದಲ್ಲಿ ಬರೆದು ಸ್ವಯಂಸೇವಕರ ಕೈಗೆ ಕೊಡಿ. ಒಂದೇ ಸಾಕು, ಪಟ್ಟಿ ಬೇಡ. ಹೋದ ತಿಂಗಳು ನನ್ನ ತಂಗಿಯ ಮಗಳು ಅಮ್ಮ ಮನೆಯಲ್ಲಿ ಹೇಳಿಕೊಳ್ಳುವ ಪುರಂದರದಾಸರ ಪದವೊಂದನ್ನು ಬರೆದು ಕಳಿಸಿದಳು. ಗಾಯಕಿ ಚೀಟಿ ಓದಿ, ಪಿಟೀಲಿನವರ ಕಡೆ ಬಗ್ಗಿ ರಾಗ ಹೇಳಿ, ಶುರು ಮಾಡಿಯೇಬಿಟ್ಟರು. ಇವಳು ನನ್ನ ಕೈ ಹಿಡಿದುಕೊಂಡಳು.

ವಾಪಸ್ ಹೋಗಲು ಕೋಟೆ ಹೈಸ್ಕೂಲಿಗೆ ಕೆ.ಆರ್. ಮಾರ್ಕೆಟ್ ಮೆಟ್ರೊ ಹತ್ತಿರ, ಬಸವನಗುಡಿ ಕಡೆಗೆ ನ್ಯಾಷನಲ್ ಕಾಲೇಜು ನಿಲ್ದಾಣ. ಚೌಡಯ್ಯ ಭವನಕ್ಕೆ ಆಟೊನೇ ಗತಿ. ಕೊನೆಯ ರೈಲಿನ ಹೊತ್ತು ಮೊದಲೇ ನೋಡಿಟ್ಟುಕೊಳ್ಳಿ, ಮಂಗಳ ಹಾಡುವ ತನಕ ನೆಮ್ಮದಿಯಾಗಿ ಕೂರಬಹುದು.